ಎತ್ತಬೇಡಿ, ಏಳಲು ಬಿಡಿ

ತಲೆಗೆ ಬಲವಾದ ಪೆಟ್ಟು ಬಿದ್ದವರ ಮನೆಯವರು ಮೊದಲು ಕೇಳುವುದು ‘ಉಳೀತಾರಾ ಡಾಕ್ಟ್ರೇ?’ ಎಂದು. ಉಳಿದರೆನ್ನುವುದು ಖಾತ್ರಿಯಾದ ಮೇಲೆ ‘ಮೊದಲಿನ ಹಾಗೆ ಆಗ್ತಾರಾ?’ ಎನ್ನುವ ಪ್ರಶ್ನೆ ಬರುತ್ತದೆ. ಇದಕ್ಕೆ ಯಾರೂ ಥಟ್ಟನೆ ಉತ್ತರ ಹೇಳಲಾರರು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿದು ಪಡೆಯಬೇಕಾದ ಉತ್ತರ ಅದು. ಆ ದುಡಿಮೆಯ ಮುಂದಾಳು ಫಿಸಿಯೋಥೆರಪಿಸ್ಟ್.

ಪೆಟ್ಟಿನ ತೀವ್ರತೆ ಅಳೆಯಲು ಎಲ್ಲೆಡೆ ಬಳಸುವ ಗ್ಲಾಸ್ಗೊ ಕೋಮಾ ಸ್ಕೇಲನ್ನು ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಪ್ರಕಟಿಸಿದ್ದು 1974ರಲ್ಲಿ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರಕ್ಕೂ ಅಂಕ ಕೊಟ್ಟು ಕೂಡಿದರೆ 3ರಿಂದ 15ರವರೆಗೆ ಬರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು. ಅಂಥ ರೋಗಿ ಐಸಿಯುನಲ್ಲಿ ಕಣ್ಣು ಮುಚ್ಚಿ ಮಲಗಿರುವಾಗಲೇ ಫಿಸಿಯೋಥೆರಪಿ ಶುರುವಾಗುತ್ತದೆ. ಎದೆಯ ಕಫ ಸಡಿಲಿಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒಂದೊಂದೇ ಕೀಲನ್ನು ಮೆಲ್ಲನೆ ಮಡಚಿ ಬಿಡಿಸುವುದು ಆಗಿನ ಕೆಲಸ. ಮಿದುಳಿನ ಹಿಡಿತ ತಪ್ಪಿದ ಸ್ನಾಯುಗಳು ಬಿಗಿಯುತ್ತವೆ: ಮುಷ್ಟಿ ಬಿಚ್ಚುವುದಿಲ್ಲ, ಪಾದ ಕೆಳಮುಖವಾಗಿ ಸೆಟೆಯುತ್ತದೆ. ಮೀನಖಂಡದ ಸ್ನಾಯು ಹಾಗೆಯೇ ಗಿಡ್ಡವಾಗಿಬಿಟ್ಟರೆ, ಮುಂದೆ ಕಾಲಿಗೆ ಶಕ್ತಿ ಬಂದರೂ ಹಿಮ್ಮಡಿ ನೆಲ ಮುಟ್ಟುವುದಿಲ್ಲ.

ಪ್ರಜ್ಞೆ ಮರಳಿದ ಮೇಲಿನ ಕಷ್ಟ ಬೇರೆ ಬಗೆಯದು. ತಾನೆಲ್ಲಿದ್ದೇನೆ, ಈ ಮನುಷ್ಯ ತನ್ನ ಕಾಲನ್ನೇಕೆ ಹಿಡಿದಿದ್ದಾನೆ ಎಂಬುದು ರೋಗಿಗೆ ತಿಳಿಯದ ಹಂತವೊಂದಿದೆ. ಬೈಯುತ್ತಾರೆ, ಮೂಗಿನ ನಳಿಕೆ ಕಿತ್ತುಹಾಕುತ್ತಾರೆ. ಇದು ಸ್ವಭಾವ ಕೆಟ್ಟದ್ದಲ್ಲ, ಚೇತರಿಕೆಯ ಒಂದು ಘಟ್ಟ. ನುರಿತ ಥೆರಪಿಸ್ಟ್ ಆಗ ಟಿವಿ ಆರಿಸಿ, ನಿತ್ಯ ಅದೇ ಹೊತ್ತಿಗೆ ಬಂದು, ಅವೇ ನಾಲ್ಕು ಮಾತುಗಳಲ್ಲಿ ಹೇಳಿ, ಸ್ವಲ್ಪವೇ ಮಾಡಿಸಿ ಬಿಡುತ್ತಾರೆ.

ಈ ವಿದ್ಯೆಯ ಸೂಕ್ಷ್ಮವೆಲ್ಲ ಕುರ್ಚಿಯಿಂದ ಏಳುವ ಒಂದು ಕ್ರಿಯೆಯಲ್ಲಿ ಕಾಣುತ್ತದೆ. ರೋಗಿಯನ್ನು ಕುರ್ಚಿಯ ಅಂಚಿಗೆ ಸರಿಸಿ ಕೂರಿಸಿ, ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ಇಡಿಸುತ್ತಾರೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿಸುತ್ತಾರೆ. ಥೆರಪಿಸ್ಟಿನ ಒಂದು ಕೈ ಸೋತ ಮೊಣಕಾಲಿನ ಮೇಲೆ, ಇನ್ನೊಂದು ಸೊಂಟದ ಹಿಂದೆ. ಪಕ್ಕದಲ್ಲಿರುವ ತಾಯಿ ತಡೆಯಲಾರದೆ ಮಗನ ತೋಳಿಗೆ ಕೈಹಾಕುತ್ತಾರೆ. ‘ನೀವು ಎತ್ತಬೇಡಿ ಅಮ್ಮಾ, ಅವರೇ ಏಳಲಿ’ ಎನ್ನುವ ಮಾತು ಬಹುಶಃ ಎಲ್ಲ ವಾರ್ಡುಗಳಲ್ಲೂ ಕೇಳುವಂಥದ್ದು. ಸೋತ ತೋಳನ್ನು ಜಗ್ಗಿದರೆ ಭುಜದ ಕೀಲು ಜಾರುವ ಅಪಾಯವಿದೆ. ಅದಕ್ಕಿಂತ ಮುಖ್ಯವಾಗಿ, ಬೇರೆಯವರು ಎತ್ತಿದಾಗ ರೋಗಿಯ ಮಿದುಳು ಕಲಿಯುವುದು ಏನೂ ಇಲ್ಲ. ಬೀಳಲು ಬಿಡದಷ್ಟು ಆಸರೆ ಕೊಟ್ಟು, ಅದನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬರುವುದೇ ಈ ಕಸುಬಿನ ಜಾಣ್ಮೆ.

ಸತ್ತ ನರಕೋಶಗಳು ಮತ್ತೆ ಹುಟ್ಟಿ ಬರುವುದಿಲ್ಲ. ಉಳಿದವು ಹೊಸ ಜೋಡಣೆ ಮಾಡಿಕೊಳ್ಳುತ್ತವೆ. ಅದಕ್ಕೆ ಬೇಕಾದ್ದು ಬಳಕೆ, ಮತ್ತೆ ಮತ್ತೆ ಬಳಕೆ. ಬರ್ಲಿನ್‌ನಿಂದ ಲಂಡನ್ನಿಗೆ ಬಂದು ನೆಲೆಸಿದ ಬರ್ಟಾ ಬೊಬಾತ್, ಚೆನ್ನಾಗಿರುವ ಬದಿಯಲ್ಲೇ ಕೆಲಸ ಸಾಗಿಸುವುದನ್ನು ಕಲಿಸುತ್ತಿದ್ದ 1940ರ ದಶಕದಲ್ಲಿ ಸೋತ ಬದಿಗೇ ಗಮನ ಕೊಡಬೇಕೆಂದರು. ಅಮೆರಿಕದ ಎಡ್ವರ್ಡ್ ಟೌಬ್ ಇನ್ನೂ ಮುಂದೆ ಹೋಗಿ ಚೆನ್ನಾಗಿರುವ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸುವ ಪದ್ಧತಿ ತಂದರು. ಆದರೆ ಆ ಕೈಯಲ್ಲಿ ಒಂದಿಷ್ಟಾದರೂ ಚಲನೆ ಉಳಿದಿದ್ದರೆ ಮಾತ್ರ ಇದು ನಡೆಯುತ್ತದೆ.

ನಮ್ಮಲ್ಲಿ ಈ ಕೆಲಸಕ್ಕೆ ಹೆಸರಾದ ಜಾಗ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿನ ನರ ಪುನರ್ವಸತಿ ವಿಭಾಗದಲ್ಲಿ ವೈದ್ಯರು, ಫಿಸಿಯೋ, ಆಕ್ಯುಪೇಷನಲ್ ಮತ್ತು ಸ್ಪೀಚ್ ಥೆರಪಿಯವರು ಒಂದೇ ರೋಗಿಯ ಸುತ್ತ ಕೆಲಸ ಮಾಡುತ್ತಾರೆ. ಆದರೆ ನಿಜವಾದ ಪರೀಕ್ಷೆ ಊರಿಗೆ ಮರಳಿದ ಮೇಲೆ. ಆಸ್ಪತ್ರೆಯ ನುಣುಪು ನೆಲದ ಮೇಲೆ ನಡೆದವರಿಗೆ ಮನೆಯ ಹೊಸ್ತಿಲು ಅಡ್ಡವಾಗುತ್ತದೆ, ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು ಅಡ್ಡವಾಗುತ್ತದೆ. ಪಾದ ಜೋಲದಂತೆ ಹಾಕುವ ಸ್ಪ್ಲಿಂಟ್ ಶೂ ಒಳಗೆ ಕೂರುವಂಥದ್ದು. ಬಾಗಿಲಲ್ಲೇ ಚಪ್ಪಲಿ ಬಿಡುವ ಮನೆಯಲ್ಲಿ ಅದು ಮೂಲೆ ಸೇರುತ್ತದೆ. ಇದನ್ನು ಬಲ್ಲ ಥೆರಪಿಸ್ಟ್ ‘ಮನೆಗೆ ಎಷ್ಟು ಮೆಟ್ಟಿಲು, ಕಕ್ಕಸು ಎಲ್ಲಿದೆ’ ಎಂದು ಮೊದಲೇ ವಿಚಾರಿಸಿ, ಬರಿಗಾಲಲ್ಲಿ ಹೊಸ್ತಿಲು ದಾಟುವುದನ್ನು ಆಸ್ಪತ್ರೆಯಲ್ಲೇ ಅಭ್ಯಾಸ ಮಾಡಿಸುತ್ತಾರೆ.

ಮೊದಲ ಆರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ಆಮೇಲೆ ನಿಧಾನವಾಗುತ್ತದೆಯೇ ಹೊರತು ನಿಂತುಹೋಗುವುದಿಲ್ಲ. ವರ್ಷಗಳ ನಂತರವೂ ಹೊಸದೊಂದು ಕೆಲಸ ಕೈಗೆ ಹತ್ತುವುದುಂಟು. ಎಲ್ಲರೂ ಮೊದಲಿನಂತಾಗುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಹಾಗಾಗಿ ಒಳ್ಳೆಯ ಥೆರಪಿಸ್ಟ್ ‘ಪೂರ್ತಿ ಗುಣ’ದ ಮಾತಾಡದೆ, ತಾನೇ ಅನ್ನ ಕಲಸಿ ಉಣ್ಣುವುದು, ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿಬರುವುದು ಮುಂತಾದ ಗುರಿಗಳನ್ನು ಇಡುತ್ತಾರೆ. ಡಿಸ್ಚಾರ್ಜ್ ದಿನ ಮನೆಯವರು ಮಾತ್ರೆಗಳ ಚೀಟಿಯ ಜೊತೆಗೆ ವ್ಯಾಯಾಮದ ಪಟ್ಟಿಯನ್ನೂ ಕೇಳಿ ಪಡೆಯಬೇಕು. ಅದನ್ನು ಥೆರಪಿಸ್ಟಿನ ಎದುರೇ ಒಮ್ಮೆ ತಾವೇ ಮಾಡಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಂಡು ಹೊರಡುವುದು ಲೇಸು.