ಜೋಡಿ ಸರ್ವರ್ ವ್ಯವಸ್ಥೆಗಳು: ವಿಪತ್ತಿನ ಎದುರು ಅವುಗಳ ಇತಿಮಿತಿ

ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಕೋರಿ ಬಂದ ಗ್ರಾಮಸ್ಥರಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ದೊರೆತಾಗ ಅವರು ಮೊದಲು ಪ್ರಶ್ನಿಸುವುದು ತಮ್ಮ ವಾರ್ಡಿನ ಸದಸ್ಯರನ್ನು. ಕೆಲವು ಗಂಟೆಗಳ ಅಡಚಣೆ ಬೇರೆ, ದಾಖಲೆಯೇ ನಾಶವಾಗುವುದು ಬೇರೆ. ಎರಡನೆಯದು ಊಹೆಯ ಮಾತಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ತಗುಲಿ, ನೌಕರರ ಕಡತಗಳಿದ್ದ ಸುಮಾರು 858 ಟೆರಾಬೈಟ್ ಸಂಗ್ರಹವು ನಾಶವಾಯಿತು. ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ.

ಹಲವು ಸರ್ವರ್‌ಗಳನ್ನು ಒಂದೇ ಘಟಕವಾಗಿ ಜೋಡಿಸುವುದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಒಂದು ಯಂತ್ರ ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುತ್ತದೆ. ಆದರೆ ಎರಡೂ ಒಂದೇ ಕಟ್ಟಡದಲ್ಲಿದ್ದರೆ ಬೆಂಕಿಗೂ ನೆರೆಗೂ ಎರಡೂ ಒಟ್ಟಿಗೇ ತುತ್ತಾಗುತ್ತವೆ.

ಆದ್ದರಿಂದ ಎರಡನೆಯದನ್ನು ಬೇರೆ ಊರಿನಲ್ಲಿಡಬೇಕಾಗುತ್ತದೆ. ಎರಡೂ ಕಡೆ ಬರೆದಾದ ನಂತರವೇ ‘ದಾಖಲಾಯಿತು’ ಎನ್ನುವ ಏಕಕಾಲಿಕ ಪದ್ಧತಿಯಲ್ಲಿ ಒಂದು ನಮೂದೂ ನಷ್ಟವಾಗದು. ಆದರೆ ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಮಾತ್ರ ಚಲಿಸುತ್ತದೆ, ಅಂತರ ಹೆಚ್ಚಿದಂತೆ ಪ್ರತಿ ನಮೂದೂ ನಿಧಾನವಾಗುತ್ತದೆ. ಹೀಗಾಗಿ ಈ ಪದ್ಧತಿಯನ್ನು ಸಾಮಾನ್ಯವಾಗಿ ನೂರು ಕಿ.ಮೀ. ಆಸುಪಾಸಿಗೆ ಸೀಮಿತಗೊಳಿಸುತ್ತಾರೆ. ಅಷ್ಟು ಸಮೀಪದ ಎರಡು ಊರುಗಳಿಗೆ ಒಂದೇ ಪ್ರವಾಹ ತಟ್ಟಬಹುದು, ವಿದ್ಯುತ್ ಜಾಲವೂ ಒಂದೇ ಆಗಿರಬಹುದು.

ರಾಷ್ಟ್ರೀಯ ಮಾಹಿತಿ ಕೇಂದ್ರದ ದತ್ತಾಂಶ ಕೇಂದ್ರಗಳಿರುವ ದೆಹಲಿ, ಭುವನೇಶ್ವರಗಳಷ್ಟು ದೂರಕ್ಕೆ ಹೊಂದುವುದು ತಡವಾಗಿ ಪ್ರತಿ ಕಳುಹಿಸುವ ಪದ್ಧತಿ. ಇಲ್ಲಿ ವೇಗಕ್ಕೆ ಧಕ್ಕೆಯಿಲ್ಲ; ಆದರೆ ಅನಾಹುತಕ್ಕೆ ಮುಂಚಿನ ಕೆಲವು ಸೆಕೆಂಡು ಅಥವಾ ನಿಮಿಷಗಳ ನಮೂದುಗಳು ಕಳೆದುಹೋಗುತ್ತವೆ. ತೆರಿಗೆ ಪಾವತಿಸಿದವರ ಕೈಯಲ್ಲಿ ರಸೀದಿ ಇದ್ದು, ಲೆಕ್ಕದಲ್ಲಿ ಹಣ ಕಾಣದ ಸ್ಥಿತಿ ಉಂಟಾಗುವುದು ಹೀಗೆ.

ನಡುವಿನ ಸಂಪರ್ಕವಷ್ಟೇ ಕಡಿದಾಗ ಇನ್ನೊಂದು ತೊಡಕಿದೆ. ‘ಅತ್ತ ಕಡೆಯದು ನಿಂತಿದೆ’ ಎಂದು ಎರಡೂ ಭಾವಿಸಿ ಸ್ವತಂತ್ರವಾಗಿ ಬರೆಯತೊಡಗಿದರೆ, ಒಂದೇ ಸ್ವತ್ತು ಇಬ್ಬರ ಹೆಸರಿಗೆ ದಾಖಲಾಗಬಹುದು. ಇದನ್ನು ತಡೆಯಲು ಮೂರನೆಯ ಸ್ಥಳದಲ್ಲಿ ನಿರ್ಣಾಯಕ ಸರ್ವರ್ ಬೇಕು. ಅದರ ಕೇಬಲ್ಲೂ ಅದೇ ದಾರಿಯಲ್ಲಿ ಹೋಗಿದ್ದರೆ ಖರ್ಚು ವ್ಯರ್ಥ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಈ ವ್ಯವಸ್ಥೆಗಳು ತಪ್ಪನ್ನೂ ನಿಷ್ಠೆಯಿಂದಲೇ ನಕಲು ಮಾಡುತ್ತವೆ. ಅಳಿಸಿದ ಖಾತೆ ಎರಡೂ ಕಡೆ ಅಳಿಯುತ್ತದೆ. ಕುತಂತ್ರಾಂಶ ಕೆಡಿಸಿದ ಕಡತವೂ ಕೆಟ್ಟ ರೂಪದಲ್ಲಿಯೇ ತಲುಪುತ್ತದೆ. ಜಾಲದಿಂದ ಬೇರ್ಪಡಿಸಿದ, ದಿನಾಂಕವಾರು ಪ್ರತಿಗಳು ಪ್ರತ್ಯೇಕವಾಗಿರಲೇಬೇಕು. ಅವುಗಳಿಂದ ದಾಖಲೆ ಮರಳಿ ಬರುವುದೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸದಿದ್ದರೆ ಅವು ಇದ್ದೂ ಇಲ್ಲದಂತೆ.

ರಸ್ತೆ ಕಾಮಗಾರಿಯ ಜೆಸಿಬಿ ಪಂಚಾಯಿತಿಯ ಕೇಬಲ್ ಕಡಿದರೆ ಮಾತ್ರ ಯಾವ ಕ್ಲಸ್ಟರೂ ನೆರವಿಗೆ ಬಾರದು. ಅಂದು ಉಪಯೋಗಕ್ಕೆ ಬರುವುದು ಕಚೇರಿಯಲ್ಲಿ ಮುದ್ರಿಸಿ ಇಟ್ಟ ತೆರಿಗೆ ಬೇಡಿಕೆ ಪಟ್ಟಿ ಮತ್ತು ಸಹಿಯಾದ ನಡವಳಿ ಪುಸ್ತಕ.