ಅಡಿಕೆ ಮರದ ಬಿಳಿ ತೇಪೆಯೂ ಧ್ರುವದ ಕಲ್ಲುಹೂವೂ

ಮಳೆಗಾಲ ಕಳೆದು ತೋಟಕ್ಕೆ ಬಿಸಿಲು ಬೀಳತೊಡಗಿದೊಡನೆ ಇಲವಾಲದ ನಮ್ಮ ಕಛೇರಿಗೆ ಪ್ರತಿ ವರ್ಷವೂ ಬರುವ ಪ್ರಶ್ನೆ ಒಂದಿದೆ: "ಅಡಿಕೆ ಮರಕ್ಕೆ ಬಿಳಿ ತೇಪೆ ಹತ್ತಿದೆ, ಏನು ಹೊಡೆಯಬೇಕು?" ಏನೂ ಹೊಡೆಯಬೇಕಾಗಿಲ್ಲ ಎಂದರೆ ಸದಸ್ಯರಿಗೆ ಸಮಾಧಾನವಾಗುವುದಿಲ್ಲ. ಆದುದರಿಂದ ಆ ತೇಪೆ ಯಾವುದು, ಅದರೊಳಗೆ ಯಾರಿದ್ದಾರೆ, ಅದು ಏನು ತಿಂದು ಬದುಕುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಲು ಉದ್ದೇಶಿಸಿದ್ದೇವೆ. ಇದಕ್ಕಾಗಿ ದಕ್ಷಿಣ ಧ್ರುವದವರೆಗೆ ಹೋಗಿ ಬರಬೇಕಾಗುತ್ತದೆ; ಕಾರಣ ಮುಂದೆ ತಿಳಿಯುತ್ತದೆ.

ತೇಪೆಯ ಹೆಸರು ಕಲ್ಲುಹೂ. ಮಸಾಲೆಗೆ ಹಾಕುವ ಕಲ್ಲುಹೂ ಇದರ ದಾಯಾದಿ. ಅದು ಎಲೆಯಂತೆ ಎದ್ದು ಬೆಳೆಯುತ್ತದೆ, ಇದು ಸುಣ್ಣ ಬಳಿದಂತೆ ಮರಕ್ಕೆ ಅಂಟಿಕೊಳ್ಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡುಮರಗಳಿಂದ ಬಿಡಿಸಿ ತಮ್ಮ ಸಹಕಾರ ಸಂಘದ ಮೂಲಕ ಮಾರುತ್ತಿದ್ದ ಪಾಚಿಯೂ ಇದೇ ಕುಲದ್ದು. ಪಾಚಿ ಎಂಬ ಹೆಸರು ಅರ್ಧ ಮಾತ್ರ ಸರಿ. ಕಲ್ಲುಹೂ ಒಂದು ಗಿಡವಲ್ಲ, ಒಂದೇ ಜೀವಿಯೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಸೇರಿ ನಡೆಸುವ ಸಂಸಾರ. ಸ್ವಿಟ್ಜರ್ಲೆಂಡಿನ ಶ್ವೆಂಡನರ್ ಎಂಬ ವಿಜ್ಞಾನಿ 1860ರ ದಶಕದ ಕೊನೆಯಲ್ಲಿ ಈ ಮಾತು ಹೇಳಿದಾಗ ಕಲ್ಲುಹೂ ಪಂಡಿತರೇ ಅವನನ್ನು ಗೇಲಿ ಮಾಡಿದರು. ಪ್ಯಾರಿಸ್ ನಗರದ ಉದ್ಯಾನದಲ್ಲಿ ಕಲ್ಲುಹೂಗಳು ಹೊಗೆಯಿಂದ ಕಡಮೆಯಾಗುತ್ತಿವೆಯೆಂದು 1866ರಲ್ಲೇ ಕಂಡುಕೊಂಡಿದ್ದ ಚುರುಕು ಕಣ್ಣಿನ ನೈಲಾಂಡರ್ ಕೂಡ ಇದನ್ನು ಒಪ್ಪಲಿಲ್ಲ.

ಸಂಸಾರದ ಏರ್ಪಾಡು ಹೀಗಿದೆ. ಶಿಲೀಂಧ್ರವು ತನ್ನ ಎಳೆಗಳಿಂದ ಮನೆ ಕಟ್ಟುತ್ತದೆ: ಮೇಲೆ ಗಟ್ಟಿಯಾದ ಚಾವಣಿ, ಕೆಳಗೆ ಸಡಿಲವಾದ ಹತ್ತಿಯಂಥ ಪದರ. ಚಾವಣಿಯ ಅಡಿಯಲ್ಲೇ, ಬೆಳಕು ಸೋಸಿ ಬರುವ ಕಡೆ, ಪಾಚಿಯ ಕಣಗಳು ಕೂತಿರುತ್ತವೆ. ಅವು ಬೆಳಕು, ಗಾಳಿ, ಮಳೆನೀರುಗಳಿಂದ ಸಕ್ಕರೆ ತಯಾರಿಸುತ್ತವೆ. ತಯಾರಾದುದರಲ್ಲಿ ಹೆಚ್ಚಿನ ಪಾಲು ಶಿಲೀಂಧ್ರಕ್ಕೆ ಹೋಗುತ್ತದೆ. ಸಹಕಾರ ಸಪ್ತಾಹದ ಭಾಷಣಗಳಲ್ಲಿ ಕಲ್ಲುಹೂವನ್ನು ಸಹಕಾರ ತತ್ತ್ವಕ್ಕೆ ಉದಾಹರಣೆಯಾಗಿ ಹೇಳುವವರಿದ್ದಾರೆ. ಲೆಕ್ಕಪತ್ರ ನೋಡಿ ಅಭ್ಯಾಸವಾದ ನಮಗೆ ಇದು ಒಡೆಯ-ಗೇಣಿದಾರರ ಸಂಬಂಧದಂತೆಯೇ ಕಾಣುತ್ತದೆ. ಆದರೂ ಸುಡುವ ಬಿಸಿಲಿನಿಂದಲೂ ಬೇಗ ಒಣಗುವುದರಿಂದಲೂ ಪಾಚಿಗೆ ರಕ್ಷಣೆ ಸಿಗುತ್ತದೆ ಎಂಬುದು ನಿಜ.

ನಂಬಿಕೆಯಾಗದವರು ಒಂದು ತೇಪೆಯನ್ನು ನೀರಿನಿಂದ ಒದ್ದೆಮಾಡಿ ಉಗುರಿನಿಂದ ಮೆಲ್ಲಗೆ ಗೀರಿ ನೋಡಬಹುದು. ಬೂದುಬಣ್ಣದ ಸಿಪ್ಪೆಯ ಅಡಿಯಲ್ಲಿ ಹಸಿರು ಗೆರೆ ಕಾಣುತ್ತದೆ, ಅದೇ ಪಾಚಿ. ಕೆಲವು ತೇಪೆಗಳಲ್ಲಿ ಹಸಿರಿನ ಬದಲು ಹಳದಿಗೆಂಪು ಕಾಣುತ್ತದೆ. ಅದು ಟ್ರೆಂಟೆಪೋಲಿಯಾ ಎಂಬ ಬೇರೊಂದು ಪಾಚಿ. ಮಳೆ ಹೊಡೆಯುವ ಗೋಡೆಗಳ ಮೇಲೆ, ತೇವವಿರುವ ಮರದ ಕಾಂಡದ ಮೇಲೆ ಇಟ್ಟಿಗೆಬಣ್ಣದ ಮಖಮಲ್ಲಿನಂತೆ ಒಂಟಿಯಾಗಿಯೂ ಬೆಳೆಯುವುದು ಅದೇ.

ಈಗ ಧ್ರುವದ ಮಾತು. ಅಂಟಾರ್ಕ್ಟಿಕಾದಲ್ಲಿ ಮರವೆಂಬುದೇ ಇಲ್ಲ. ಆ ಖಂಡಕ್ಕೆ ಸೇರಿದ ಹೂಬಿಡುವ ಸಸ್ಯಗಳು ಎರಡೇ ಎರಡು. ಕಲ್ಲುಹೂಗಳಾದರೋ ಸುಮಾರು 400 ಬಗೆ. ನಮ್ಮ ದೇಶದ ಮೈತ್ರಿ ನಿಲ್ದಾಣ 1989ರಿಂದ ಇರುವ ಷಿರ್ಮಾಕರ್ ಎಂಬ ಬರಿಬಂಡೆಯ ಪ್ರದೇಶದಲ್ಲಿಯೂ ಅವು ಬೆಳೆಯುತ್ತವೆ. ಲಖ್ನೋದ ರಾಷ್ಟ್ರೀಯ ಸಸ್ಯಶಾಸ್ತ್ರೀಯ ಸಂಶೋಧನಾ ಸಂಸ್ಥೆಯ ತಜ್ಞರು ಅವುಗಳನ್ನು ಪರಿಶೀಲಿಸಿ ಹೆಸರು ಹಚ್ಚಿದ್ದಾರೆ. ಅಲ್ಲಿಗೆ ಹೋಗುವ ನಮ್ಮ ವಿಜ್ಞಾನಿಗಳಿಗೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಿಂದ ಸಿದ್ಧ ಆಹಾರ ಹೋದದ್ದುಂಟು. ಕಲ್ಲುಹೂ ತನ್ನ ಅಡಿಗೆಯವನನ್ನು ಮೈಯೊಳಗೇ ಇಟ್ಟುಕೊಂಡಿದೆ.

ಚಳಿಯಲ್ಲಿ ಅದು ಒಣಗಿ ಹುಡಿಯಂತಾಗಿ ಕೆಲಸವನ್ನೆಲ್ಲ ನಿಲ್ಲಿಸಿಬಿಡುತ್ತದೆ. ಸತ್ತಂತೆ ಕಂಡರೂ ಸತ್ತಿರುವುದಿಲ್ಲ. ಬೇಸಗೆಯ ಬಿಸಿಲಿಗೆ ಕಪ್ಪುಬಂಡೆ ಕಾದು, ಅಂಚಿನ ಹಿಮ ಕರಗಿ ನಾಲ್ಕು ಹನಿ ತಾಗಿದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಪಾಚಿ ಮತ್ತೆ ಸಕ್ಕರೆ ಮಾಡತೊಡಗುತ್ತದೆ. ಅಂಬಿಲಿಕೇರಿಯಾ ಎಂಬ ಜಾತಿ ಸೊನ್ನೆಗಿಂತ 17 ಡಿಗ್ರಿ ಕೆಳಗೂ ಈ ಕೆಲಸ ನಡೆಸುವುದನ್ನು ಅಳೆದು ನೋಡಿದ್ದಾರೆ. ಇನ್ನು ಕೆಲವು ಬಂಡೆಯ ಮೇಲಿನ ಗಾಳಿ ತಡೆಯಲಾರದೆ ಕಲ್ಲಿನ ಕಣಗಳ ನಡುವೆಯೇ ಹೊಕ್ಕು, ಕೆಲವು ಮಿಲಿಮೀಟರ್ ಒಳಗೆ ಸಂಸಾರ ಹೂಡಿವೆ. ಬೆಳವಣಿಗೆ ಮಾತ್ರ ಬಲು ನಿಧಾನ, ವರ್ಷಕ್ಕೆ ಒಂದು ಮಿಲಿಮೀಟರೂ ಇಲ್ಲದವು ಅನೇಕ.

ಧ್ರುವಕ್ಕೆ ಹೋಗಬೇಕಾದ ಕಾರಣ ಇದೇ. ಹೀರಲು ಮರವೇ ಇಲ್ಲದ ಕಡೆ ಬದುಕಬಲ್ಲ ಜೀವಿಗೆ ನಮ್ಮ ಅಡಿಕೆ ಮರದ ರಸ ಬೇಕಾಗಿಲ್ಲ. ಅದಕ್ಕೆ ಬೇಕಾದುದು ನಿಲ್ಲಲು ಒಂದು ಜಾಗ. ಅಡಿಕೆ ಮರವು ಸೀಬೆಯಂತೆ ತೊಗಟೆ ಸುಲಿದು ಬಿಸಾಡುವುದಿಲ್ಲವಾದ್ದರಿಂದ ಒಮ್ಮೆ ಕೂತ ತೇಪೆ ಅಲ್ಲಿಯೇ ಅಗಲವಾಗುತ್ತ ಹೋಗುತ್ತದೆ.

ಇದು ತಿಳಿಯುವ ಮೊದಲು ನಾವೂ ತಪ್ಪು ಮಾಡಿದ್ದೇವೆ. ನಮ್ಮ ತೋಟದ ತಗ್ಗಿನ ಮೂಲೆಯ ಮರಗಳು ಸೊರಗಿ, ತಲೆ ಕಿರಿದಾಗಿ, ಕಾಂಡವೆಲ್ಲ ಬಿಳಿಯಾಗಿತ್ತು. ಬಿಳಿಯದೇ ರೋಗವೆಂದು ತಿಳಿದು ಆಳು ಹಚ್ಚಿ, ತೆಂಗಿನ ಸಿಪ್ಪೆಯಿಂದ ಉಜ್ಜಿಸಿ, ಬೋರ್ಡೋ ದ್ರಾವಣ ಹೊಡೆಸಿದೆವು. ಮೈಲುತುತ್ತಕ್ಕೆ ಕಲ್ಲುಹೂ ಸತ್ತದ್ದು ನಿಜ, ಮರ ಸುಧಾರಿಸಲಿಲ್ಲ. ಎರಡು ವರ್ಷ ಹೀಗೆ ಹಣ ಸುರಿದ ಮೇಲೆ ಒಂದು ಮಳೆಯಲ್ಲಿ ಅಲ್ಲಿ ನಿಂತ ನೀರು ಇಳಿಯದಿರುವುದನ್ನು ಕಂಡೆವು. ಬೇರು ಕೊಳೆತು ಸೋಗೆ ಕಡಮೆಯಾಗಿತ್ತು, ಸೋಗೆ ಕಡಮೆಯಾದುದರಿಂದ ಕಾಂಡಕ್ಕೆ ಬೆಳಕು ಹೆಚ್ಚಾಗಿತ್ತು, ಬೆಳಕು ಹೆಚ್ಚಾದುದರಿಂದ ಕಲ್ಲುಹೂ ಹಬ್ಬಿತ್ತು. ನಾವು ಕೊನೆಯದನ್ನು ಮೊದಲನೆಯದೆಂದು ತಿಳಿದಿದ್ದೆವು. ಬಸಿಗಾಲುವೆಯನ್ನು ಆಳವಾಗಿ ತೆಗೆಸಿದ ಮೇಲೆ ಉಳಿದ ಮರಗಳು ಚೇತರಿಸಿಕೊಂಡವು. ಆ ಹೊತ್ತಿಗೆ ಹನ್ನೊಂದು ಮರ ಹೋಗಿತ್ತು.

ಹಾಗೆಂದು ಉಜ್ಜುವುದನ್ನೆಲ್ಲ ಬಿಡಿ ಎಂದು ನಾವು ಹೇಳುತ್ತಿಲ್ಲ. ಅರೇಬಿಕಾ ಕಾಫಿಯಲ್ಲಿ ಬಿಳಿ ಕಾಂಡಕೊರಕ ಮೊಟ್ಟೆಯಿಡದಂತೆ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು ಬೇರೆ ಕೆಲಸ, ಅದನ್ನು ತಪ್ಪಿಸಬಾರದು. ಹೆಚ್ಚು ಮಳೆಯ ಕಡೆ ಕಾಫಿ ರೆಕ್ಕೆಗಳನ್ನು ಮುಚ್ಚುವ ದಪ್ಪ ಹಾವಸೆಯೂ ಬೇರೆ. ಅದು ನಿಜವಾದ ಹಸಿರು ಸಸ್ಯ, ಮೊಗ್ಗು ಬರುವ ಗಂಟುಗಳನ್ನು ಮುಚ್ಚುವುದರಿಂದ ತೆಗೆಯಬೇಕಾದದ್ದೇ. ಅಡಿಕೆಗೆ ಬೋರ್ಡೋ ಹೊಡೆಯುವುದು ಕೊಳೆರೋಗಕ್ಕಾಗಿ, ಗೊನೆಗೆ, ಮಳೆ ಹಿಡಿಯುವ ಮೊದಲು. ಅದನ್ನು ಕಾಂಡಕ್ಕೆ ಸುರಿದು ಗೊನೆಯ ಕಾಲಕ್ಕೆ ದುಡ್ಡಿಲ್ಲವೆನ್ನುವುದು ಬೇಡ.

ಒಂದು ಅಪವಾದವನ್ನೂ ಹೇಳಬೇಕು. ಮಾವು, ಸೀಬೆ, ಮೆಣಸು, ಕಾಫಿಗಳ ಎಲೆಯ ಮೇಲೆ ತುಕ್ಕಿನ ಬಣ್ಣದ ಉಬ್ಬಿದ ಚುಕ್ಕೆಗಳು ಕಂಡರೆ ಅದು ಸೆಫಲ್ಯುರಾಸ್ ಎಂಬ ಪಾಚಿ. ಈ ಪಾಚಿ ಎಲೆಯ ಹೊರಪೊರೆಯ ಅಡಿಗೆ ಹೊಕ್ಕು ನಿಜವಾಗಿಯೂ ತೊಂದರೆ ಕೊಡುತ್ತದೆ. ವಿಚಿತ್ರವೆಂದರೆ ಇದನ್ನೂ ಒಂದು ಶಿಲೀಂಧ್ರ ಹಿಡಿದು ಕಲ್ಲುಹೂ ಮಾಡಿಕೊಳ್ಳುವುದುಂಟು. ಆಗ ಚುಕ್ಕೆ ಬೂದುಬಿಳಿಯಾಗುತ್ತದೆ. ಎಲೆಯ ಈ ಕೆಂಪು ತುಕ್ಕು ಹೆಚ್ಚಾದರೆ ತಾಮ್ರದ ಔಷಧಿ ಸಲ್ಲುತ್ತದೆ.

ಕಾಂಡದ ತೇಪೆಯೋ, ಹಾವಸೆಯೋ, ಎಲೆಯ ತುಕ್ಕೋ ಎಂದು ಗೊತ್ತಾಗದವರು ಮಾದರಿಯನ್ನು ಕಛೇರಿಗೆ ತರಬಹುದು. ಕಾಗದದಲ್ಲಿ ಸುತ್ತಿ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಬೂಷ್ಟು ಹಿಡಿದು ನೋಡಲು ಏನೂ ಉಳಿದಿರುವುದಿಲ್ಲ. ಮರದ ಬುಡದಲ್ಲಿ ನೀರು ನಿಲ್ಲುವುದೇ ಎಂಬುದನ್ನೂ ನೋಡಿಕೊಂಡು ಬರಬೇಕು, ಏಕೆಂದರೆ ನಾವು ಮೊದಲು ಕೇಳುವುದು ಅದನ್ನೇ.