ಪಿಂಚಣಿ ಫಂಡ್‌ನಲ್ಲಿ ಕೊರತೆ: ನಿವೃತ್ತ ಕಂಡಕ್ಟರ್ ಕಾಕಾರ ಪಿಂಚಣಿ ನಿಂತುಹೋಗುತ್ತಾ?

ಬೆಳಗಾವಿ, ಖಾನಾಪುರ ಕಡೆ ನಿವೃತ್ತರು ನಾಲ್ಕು ಜನ ಸೇರಿದ್ರೆ ಒಂದು ಮಾತು ಬಂದೇ ಬರುತ್ತೆ: "ನಮ್ಮ ಪಿಂಚಣಿ ರೊಕ್ಕ ಸೇಫ್ ಐತೇನು?" ಬಸ್ ಓಡಿಸಿದವರು, ಫ್ಯಾಕ್ಟರಿಯಲ್ಲಿ ದುಡಿದವರು, ಎಲ್ಲರದ್ದೂ ಇದೇ ಚಿಂತೆ. ಇವತ್ತು ಅದನ್ನ ಬಿಡಿಸಿ ನೋಡೋಣ.

ಎರಡು ಡಬ್ಬಿ, ಎರಡು ಲೆಕ್ಕ

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಪಿಎಫ್ ಬೇರೆ, ಪಿಂಚಣಿ ಬೇರೆ. ಪಿಎಫ್ ನಿಮ್ಮ ಹೆಸರಲ್ಲೇ ಬೆಳೆಯೋ ಗಂಟು. ಪಿಂಚಣಿ ಬರೋದು ಇಪಿಎಸ್-95 ಅನ್ನೋ ಯೋಜನೆಯಿಂದ. ಇದು ಶುರುವಾಗಿದ್ದು 1995ರ ನವೆಂಬರ್ 16ಕ್ಕೆ. ಮಾಲೀಕರ ಪಾಲಿನಿಂದ ಸಂಬಳದ ಶೇ 8.33, ಕೇಂದ್ರ ಸರ್ಕಾರದಿಂದ ಶೇ 1.16 ಇದಕ್ಕೆ ಹೋಗುತ್ತೆ. ಆದರೆ ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ ಲೆಕ್ಕ ಹಿಡಿಯೋದು 15,000 ರೂಪಾಯಿವರೆಗೆ ಮಾತ್ರ. ಈ ದುಡ್ಡು ಎಲ್ಲರಿಗೂ ಸೇರಿದ ಒಂದೇ ಹುಂಡಿಗೆ ಬೀಳುತ್ತೆ.

ನಮ್ಮ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯನ್ನೇ ತಗೊಳ್ರಿ. 2025ರ ಆರಂಭದಲ್ಲಿ ರಾಜ್ಯದ ನಾಲ್ಕು ಸಾರಿಗೆ ನಿಗಮಗಳಿಗೆ ಪಿಎಫ್ ಮತ್ತು ಇಂಧನದ ಬಾಕಿ ತೀರಿಸೋಕೆ 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿತು. ಅದರಲ್ಲಿ ವಾಯವ್ಯ ನಿಗಮದ ಪಾಲು 646 ಕೋಟಿ, ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡದು. ನೌಕರರ ಪಿಎಫ್ ಬಾಕಿ ತೀರಿಸೋಕೂ ಸಾಲ ಬೇಕಾಯ್ತು ಅಂದ್ರೆ, ರಿಟೈರ್ ಆಗೋರಿಗೆ ದಿಗಿಲಾಗೋದು ಸಹಜ ಅಲ್ವಾ?

ಹುಂಡಿಯಲ್ಲಿ ಕೊರತೆ ಅಂದ್ರೇನು?

ಹುಂಡಿ ಖಾಲಿಯಾಗಿದೆ ಅಂತ ಅರ್ಥ ಅಲ್ಲ. ಮುಂದೆ ಕೊಡಬೇಕಾದ ಪಿಂಚಣಿಯನ್ನೆಲ್ಲ ಇವತ್ತಿನ ಬೆಲೆಗೆ ಲೆಕ್ಕ ಹಾಕಿದ್ರೆ, ಇರೋ ದುಡ್ಡು ಮತ್ತು ಬರೋ ದುಡ್ಡು ಸಾಲೋದಿಲ್ಲ ಅಂತ. 2019ರ ಮಾರ್ಚ್ 31ರ ಲೆಕ್ಕದಲ್ಲಿ ಇಂಥ ಕೊರತೆ ಇದೆ ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ.

ಹಾಗಾದ್ರೆ ನಾಳೆ ಪಿಂಚಣಿ ನಿಲ್ಲುತ್ತಾ? ಹಂಗೇನಿಲ್ಲ. ಆದರೆ ಲೆಕ್ಕ ನೋಡಿ ವಂತಿಗೆ ಅಥವಾ ಸೌಲಭ್ಯ ಬದಲಿಸೋ ಅಧಿಕಾರ ಕೇಂದ್ರಕ್ಕಿದೆ. 2014ರ ಸೆಪ್ಟೆಂಬರ್‌ನಲ್ಲಿ ಆಗಿದ್ದೂ ಅದೇ: ಪಿಂಚಣಿಗೆ ಕೊನೆಯ 12 ತಿಂಗಳ ಸಂಬಳದ ಸರಾಸರಿ ಹಿಡೀತಿದ್ದಿದ್ದು 60 ತಿಂಗಳಿಗೆ ಹೋಯ್ತು.

ನಿಜವಾದ ಏಟು ಎಲ್ಲಿ?

ಒಬ್ಬರು 2004ರ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಸೇರಿ 19 ವರ್ಷ ದುಡಿದು 58ಕ್ಕೆ ನಿವೃತ್ತರಾದ್ರು ಅಂತಿಟ್ಕೊಳ್ಳಿ. ಸೂತ್ರ ಇಷ್ಟೇ: ಸಂಬಳ ಗುಣಿಸು ಸೇವಾ ವರ್ಷ, ಭಾಗಿಸು 70. ಮೊದಲ 10 ವರ್ಷಕ್ಕೆ ಹಳೇ ಮಿತಿ 6,500, ಆಮೇಲಿನ 9 ವರ್ಷಕ್ಕೆ 15,000. ಎರಡೂ ಸೇರಿ ತಿಂಗಳಿಗೆ ಸುಮಾರು 2,857 ರೂಪಾಯಿ. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಸಂತೆಯಲ್ಲಿ ಬೇಳೆ, ಎಣ್ಣೆ ಬೆಲೆ ಏರುತ್ತೆ, ಪಿಂಚಣಿ ಇದ್ದಲ್ಲೇ ಇರುತ್ತೆ. ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತ ನಿಗದಿಯಾಗಿದ್ದೂ 2014ರಲ್ಲೇ. ಅದನ್ನ 7,500 ಮಾಡಿ, ಜೊತೆಗೆ ತುಟ್ಟಿಭತ್ಯೆ ಕೊಡಿ ಅಂತ ಪಿಂಚಣಿದಾರರು ಹೋರಾಡ್ತಾ ಬಂದಿರೋದು ಇದಕ್ಕೇ.

ಪೂರ್ತಿ ಸಂಬಳದ ಮೇಲೆ ಪಿಂಚಣಿ ಕೇಳಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ತೀರ್ಪು ಕೊಡ್ತು. 2014ರ ಸೆಪ್ಟೆಂಬರ್ 1ಕ್ಕೂ ಮೊದಲೇ, ಆಯ್ಕೆ ಪತ್ರ ಕೊಡದೆ ನಿವೃತ್ತರಾದವರಿಗೆ ಆ ಬಾಗಿಲು ತೆರೀಲಿಲ್ಲ.

ನೀವೇನು ಮಾಡಬಹುದು?

ಮನೆಯ ಹಿರಿಯರಿಗೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಮೊಬೈಲ್‌ನಲ್ಲೇ ಮಾಡಿಕೊಡ್ರಿ. ಅದು ತಪ್ಪಿದ್ರೆ ಪಿಂಚಣಿ ತಡೆಹಿಡಿಯೋದುಂಟು.

ನಿಮ್ಮದೇ ಕೆಲಸ ಇದ್ರೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೀರಿ. ಪಿಂಚಣಿ ಕಾಲಂನಲ್ಲಿ ತಿಂಗಳು ತಿಂಗಳು ದುಡ್ಡು ಬಿದ್ದಿದೆಯಾ ನೋಡ್ರಿ. ಸಂಬಳ 15,000 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅಲ್ಲಿ ಸಾಮಾನ್ಯವಾಗಿ 1,250 ಇರಬೇಕು. ಕೆಲಸ ಬದಲಿಸುವಾಗ ಪಿಂಚಣಿ ದುಡ್ಡು ಹಿಂಪಡೀಬೇಡಿ. ಹಿಂಪಡೆದ್ರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ, ಪಿಂಚಣಿಗೆ 10 ವರ್ಷ ಸೇವೆ ಬೇಕೇ ಬೇಕು.

ಕಾಕಾ ಕೇಳಿದ್ರೆ ಹೀಗೆ ಹೇಳಿ: ಪಿಂಚಣಿ ನಾಳೆ ನಿಲ್ಲೋದಿಲ್ಲ, ಆದರೆ ಅದೊಂದನ್ನೇ ನಂಬಿ ಮನೆ ನಡೆಯೋದೂ ಇಲ್ಲ. ಕೊನೇ ಮಾತು ಕಾಕಾಗಿಂತ ನಿಮಗೇ ಜಾಸ್ತಿ ಬೇಕು.